ಕೆಂಪಗೆ ಹೊಳೆದ ಪಾತೇಲಿ

ಹಾವೇರಿಯ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ಸುರೇಖಾಳ ಪಕ್ಕದ ಬೆಂಚಿನ ಮೇಲೆ ಹುಸೇನಬಿ ಮತ್ತು ಅವಳ ಸೊಸೆ ದಿಲನಾಜ ಕೂತಿದ್ದರು. ಒಳಗೆ ದಿಲನಾಜಳ ಮಗಳಿಗೆ ವಾಂತಿ ನಿಲ್ಲುತ್ತಿರಲಿಲ್ಲ. ಬೇಡವೆಂದರೂ ಅವರ ಮಾತು ಸುರೇಖಾಳ ಕಿವಿಗೆ ಬೀಳುತ್ತಿತ್ತು.

“ಹುಣಸಿ ಸಾರು ಯಾವದ್ರಾಗ ಕುದಿಸಿದ್ದಿ?”

“ತಾಮ್ರದ ಪಾತೇಲ್ಯಾಗ್ರಿ, ಅತ್ತಿ. ರಾತ್ರಿಯೆಲ್ಲಾ ಅದರಾಗ ಇತ್ತು.”

“ಕಲಾಯಿ ಇತ್ತಲ್ಲ?”

“ಒಳಗ ಬೆಳ್ಳಗ ಕಿಟ್ಟ ಹಿಡದೈತಿ ಅಂತ ಉಸುಕು ಹಾಕಿ ತಿಕ್ಕಿದ್ನಿರಿ. ಕೆಂಪಗ ಹೊಳಿಯಾಕತ್ತಿತ್ತು.”

“ಯಾ ಅಲ್ಲಾ! ಅದು ಕಿಟ್ಟಲ್ಲ, ಕಲಾಯಿ ಹಾಕಿದ ತವರ. ಅದು ಹೋದ್ರ ಹುಳಿಗೆ ತಾಮ್ರ ಬಿಡ್ತೈತಿ, ವಿಷ ಆಗ್ತೈತಿ!”

“ಡಾಕ್ಟರು ಊಟ ಹಳಸೈತಿ ಅಂದ್ಕೊಂಡಾರ್ರಿ. ಖರೇ ಹೇಳಿದ್ರ ನಿಮ್ಮ ಮಗ ನನ್ನ ಮನ್ಯಾಗ ಇಟ್ಕೋತಾರೇನ್ರಿ?”

“ಏಳು ಲಗೂ.”

ಹುಸೇನಬಿ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ವಾರ್ಡಿನ ಬಾಗಿಲಿನಿಂದ ಅತ್ತೆಯ ದನಿ ಕೇಳಿತು.

“ಡಾಕ್ಟರ್ರೀ, ಹುಡುಗಿ ಹೊಟ್ಟ್ಯಾಗ ತಾಮ್ರ ಹೋಗೇತ್ರಿ! ಪಾತೇಲಿ ತಿಕ್ಕಿದಾಕಿ ನಾನ!”