ಒಂದೇ ಸಲ ಒತ್ತಿದ ನಾಲ್ಕು

ಆಸ್ಪತ್ರೆಯ ಔಷಧಿ ಕೋಣೆಗೆ ಬೀಗ ಹಾಕಿ ಅವಳು ಹೊರಟಾಗ ರಾತ್ರಿ ಹತ್ತೂವರೆ. ಮನೆಗೆ ಹತ್ತಿರದ ದಾರಿ ಹಾಳುಬಾವಿಯ ಪಕ್ಕದಲ್ಲೇ. ಅವಳು ಅಂದರೆ ನಮ್ಮ ಚಿಕ್ಕಮ್ಮನ ಮಗಳು... ಅವರಿವರು ಹೇಳಿದ್ದಲ್ಲ, ಅವಳ ಬಾಯಿಂದಲೇ ಕೇಳಿದ್ದು. ಆ ಬಾವಿ ಅಂದರೆ ಗಟ್ಟಿಗರೂ ಸುತ್ತು ಹಾಕಿ ಹೋಗುತ್ತಾರೆ. ಅವಳಿಗೆ ಅವತ್ತು ಹೆದರಿಕೆಯೂ ಇರಲಿಲ್ಲ. ಅಮ್ಮ ಸತ್ತು ಹದಿನೆಂಟು ದಿನ. ಮನಸ್ಸು ಮರಗಟ್ಟಿತ್ತು. ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಕಲ್ಲುಹೃದಯದವಳು ಅಂತ ನೆಂಟರು ಆಡಿಕೊಂಡೂ ಆಗಿತ್ತು. ಎಲುಬಿಲ್ಲದ ನಾಲಿಗೆ, ಅದಕ್ಕೇನು!

ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಔಷಧಿ ಅಳೆದವಳು ಅಮ್ಮ. ಮೇಜಿನ ಮೇಲಿನ ಕ್ಯಾಲ್ಕುಲೇಟರೂ ಅಮ್ಮನ ಕಾಲದ್ದೇ, ಇಟ್ಟಿಗೆಯಷ್ಟು ದಪ್ಪ. ಗುಂಡಿ ಒತ್ತಿದರೆ ಬಲತುದಿಯಲ್ಲಿ ಕೆಂಪು ಅಂಕಿ ಹೊತ್ತಿಕೊಳ್ಳುತ್ತೆ. ಇನ್ನೊಂದು ಒತ್ತಿದರೆ ಮೊದಲಿನದು ಎಡಕ್ಕೆ ಸರಿದು ಜಾಗ ಬಿಡುತ್ತೆ. ಗುಂಡಿಗಳು ಸವೆದಿದ್ದವು, ಒಂದು ಸಲ ಒತ್ತಿದ್ದು ಒಮ್ಮೊಮ್ಮೆ ಎರಡು ಸಲ ಬೀಳುತ್ತಿತ್ತು. ಅದಕ್ಕೇ ಅಮ್ಮ ಪ್ರತಿ ಅಂಕಿಯನ್ನೂ ಕಣ್ಣಾರೆ ನೋಡಿ, "ಬಂತು" ಅಂತ ಬಾಯಿಬಿಟ್ಟು ಹೇಳಿಯೇ ಮುಂದಿನ ಗುಂಡಿ ಮುಟ್ಟುತ್ತಿದ್ದಳು. ಮಗಳಿಗೂ ಕಲಿಸಿದ್ದಳು.

ಅವತ್ತು ಮಗಳು ಹಾಗೆ ಹೇಳಲಿಲ್ಲ. ನಾಲ್ಕು ಕಿಲೋ ತೂಕದ ಒಂದು ಕೂಸಿಗೆ ಲೆಕ್ಕ ಹಾಕಿ, ಬಂದ ಉತ್ತರವನ್ನು ಚೀಟಿಯಲ್ಲಿ ಬರೆದು, ಔಷಧಿ ಅಳೆದು ವಾರ್ಡಿಗೆ ಕೊಟ್ಟು ಬಂದಳು. ಇಷ್ಟೊಂದಾ ಅಂತ ಅನ್ನಿಸಲೂ ಇಲ್ಲ.

ಬಾವಿಕಟ್ಟೆ ದಾಟುವಾಗ ಸದ್ದಾಯಿತು.

ಟಕ್...

ಕಲ್ಲು ಬಿದ್ದದ್ದಲ್ಲ. ಕಪ್ಪೆಯೂ ಅಲ್ಲ. ಸವೆದ ಗುಂಡಿ ತಳ ಮುಟ್ಟಿದ ಸದ್ದು. ಆಮೇಲೆ ಬಾವಿಯೊಳಗಿಂದ ಪಿಸುದನಿ.

"ನಾಲ್ಕು ಬಂತು..."

ಅವಳು ನಿಂತಳು. "ಅಮ್ಮಾ?"

ಟಕ್...

"ಇನ್ನೊಂದು ನಾಲ್ಕೂ ಬಂತಲ್ಲ ಮಗಳೇ... ನೋಡ್ಲಿಲ್ವಾ?"

ನಲವತ್ತನಾಲ್ಕು. ಹನ್ನೊಂದು ಪಟ್ಟು ಔಷಧಿ. ಕುಡಿಸಿದರೆ ಕೂಸು ಬೆಳಗು ಕಾಣೋದಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಬಂದ ದಾರಿಯಲ್ಲೇ ಓಡಿದಳು.

ವಾರ್ಡಿನಲ್ಲಿ ನರ್ಸಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

"ಅಕ್ಕಾ, ಕುಡಿಸಿಬಿಟ್ರಾ?"

"ಇನ್ನೂ ಇಲ್ಲ ಕಣೇ... ಜಾಸ್ತಿ ಅನ್ನಿಸ್ತು. ಆದ್ರೆ ಚೀಟೀಲಿ ನಿನ್ ಸಹಿ ಇದೆಯಲ್ಲ ಅಂತ..."

ಅವಳು ಬಾಟಲಿ ಕಸಿದು ಮೋರಿಗೆ ಸುರಿದಳು. ಬೀಗ ತೆಗೆದು ಮತ್ತೆ ಲೆಕ್ಕಕ್ಕೆ ಕೂತಳು. ನಾಲ್ಕನ್ನು ಒಂದೇ ಸಲ ಒತ್ತಿದಳು. ಬಲತುದಿಯಲ್ಲಿ ನಾಲ್ಕು ಹೊತ್ತಿಕೊಂಡಿತು... ಅದನ್ನು ಎಡಕ್ಕೆ ತಳ್ಳಿ ಇನ್ನೊಂದು ನಾಲ್ಕು.

ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸುಮ್ಮನೆ ನೋಡುತ್ತಾ ಕೂತಳು. ಬಲಗಡೆಯ ನಾಲ್ಕು ಆರಿತು. ಎಡಗಡೆಯದು ಸರಿದು ತನ್ನ ಜಾಗಕ್ಕೆ ವಾಪಸ್ಸು ಬಂದು ನಿಂತಿತು.

ನಗೋದಾದರೆ ನಗಿ. ಆ ಯಂತ್ರ ಈಗ ನಮ್ಮ ಮನೆಯಲ್ಲೇ ಇದೆ, ನಾನೇ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಎಲ್ಲಾ ಅಳಿಸೋ ಗುಂಡಿ ಒಂದಿದೆ. ಒಂದೇ ಅಂಕಿ ಅಳಿಸೋ ಗುಂಡಿ ಅದರಲ್ಲಿಲ್ಲ.