ತಾತನ ರಿವಾಲ್ವರ್ ಕೇಳಿದ ಮೊಮ್ಮಗಳು

ಒಹಾಯೊದ ನಮ್ಮೂರ ಶೂಟಿಂಗ್ ಕ್ಲಬ್ಬಿನಲ್ಲಿ ಶನಿವಾರ ಸಾಲು ಉದ್ದ. ನನ್ನ ಮುಂದೆ ನಿವೃತ್ತ ಪೊಲೀಸ್ ವೆಂಡೆಲ್, ತನ್ನ ಹಳೆಯ ರಿವಾಲ್ವರಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಪಕ್ಕದಲ್ಲಿ ಮೊಮ್ಮಗಳು ಡೆಲ್ಫೀನ್.

"ಇವತ್ತಾದ್ರೂ ಕೊಡು ತಾತ, ಒಂದ್ಸಲ ಹೊಡೀತೀನಿ."

"ನಿಮ್ಮ ವಯಸ್ಸಿನೋರಿಗೆಲ್ಲ ಈಗಿನ ಆಟೊಮ್ಯಾಟಿಕ್ ಪಿಸ್ತೂಲೇ ಬೇಕಿತ್ತಲ್ಲ. ಈಗೇನು ಹಳೇದರ ಮೇಲೆ ಇಷ್ಟು ಪ್ರೀತಿ? ಫೋಟೋ ಹಾಕೋಕಾ?"

"ಪಿಸ್ತೂಲು ಒಂದು ಗುಂಡು ಹಾರಿದ ಕೂಡ್ಲೇ ಮುಂದಿಂದನ್ನ ತಾನೇ ಸಿದ್ಧ ಮಾಡ್ಕೊಳ್ಳತ್ತೆ. ಇದರಲ್ಲಿ ಪ್ರತಿ ಗುಂಡಿಗೂ ನಮ್ಮ ಬೆರಳೇ ದುಡೀಬೇಕು. ಅದೇ ಮಜಾ."

"ಎಲ್ಲೋ ಕೇಳಿ ಉರು ಹೊಡ್ದಿದೀಯ. ಸರಿ, ಗುಂಡು ತುಂಬೋ ಆ ತಿರುಗೋ ಸಿಲಿಂಡರ್ ಇದೆಯಲ್ಲ, ತುಂಬಿದ್ಮೇಲೆ ಅದನ್ನ ಹೇಗೆ ಮುಚ್ತೀಯ ಹೇಳು?"

"ಸಿನಿಮಾದೋರ ಥರ ಕೈ ಝಾಡಿಸಿ ಅಲ್ಲ. ಹಾಗ್ಮಾಡಿದ್ರೆ ಸಿಲಿಂಡರನ್ನ ಹಿಡಿದಿರೋ ಲೋಹದ ತೋಳು ಸೊಟ್ಟಗಾಗತ್ತೆ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ಬೇಕು."

ವೆಂಡೆಲ್ ಕಣ್ಣು ಕಿರಿದು ಮಾಡಿದ.

"ಯಾರು ಹೇಳ್ಕೊಟ್ಟಿದ್ದು?"

"ಅಜ್ಜಿ."

"ಸುಳ್ಳು! ಅವಳು ಗನ್ ಮುಟ್ಟೋಳೇ ಅಲ್ಲ."

"ಹಾಗಂತ ನಿಂಗೆ ಹೇಳಿದಾಳೆ."

"ಹಾಗಾದ್ರೆ ಗುರುವಾರ ಸಾಯಂಕಾಲ ಚರ್ಚಲ್ಲಿ ಹಾಡಿನ ಅಭ್ಯಾಸ ಅಂತ ನಿಮ್ಮಿಬ್ಬರ ಸವಾರಿ ಹೊರಡ್ತಿತ್ತಲ್ಲ, ಅದು ಇಲ್ಲಿಗಾ?"

ಡೆಲ್ಫೀನ್ ಚಾವಣಿ ನೋಡತೊಡಗಿದಳು. ಅಷ್ಟರಲ್ಲಿ ಒಳಗಿಂದ ಅವರ ಹೆಸರು ಕೂಗಿದರು. ವೆಂಡೆಲ್ ಪೆಟ್ಟಿಗೆಯನ್ನು ಅವಳ ಕೈಗಿಟ್ಟ.

"ತಗೋ, ನಡಿ. ನಿಮ್ಮಜ್ಜಿ ನನಗಿಂತ ಚೆನ್ನಾಗಿ ಹೊಡೀತಾಳಾ? ಅದನ್ನ ಮೊದ್ಲು ಹೇಳು," ಎನ್ನುತ್ತ ಅವಳ ಹಿಂದೆಯೇ ಒಳಗೆ ಹೋದ.