ನಲವತ್ತೊಂದನೇ ಗೂಡಿನ ಚಪ್ಪಲಿ

ಇಲ್ಲಿ ಬಾವಿಯೂ ಇಲ್ಲ, ಆಲದ ಮರವೂ ಇಲ್ಲ. ಕೊಲ್ಲಿ ದೇಶದ ಈ ಅಲ್ ಸದ್ದ್‌ನಲ್ಲಿ ನಮ್ಮ ಫ್ಲ್ಯಾಟಿನ ಹಿಂದೆ ಒಂದು ಓಣಿ ಉಂಟು, ಅಷ್ಟೇ. ಎರಡೂ ಬದಿ ಏಸಿಗಳು. ಟಪ್... ಟಪ್... ಅಂತ ತಲೆ ಮೇಲೆ ನೀರು. ಜುಲೈ ತಿಂಗಳು, ರಾತ್ರಿ ಹನ್ನೆರಡೂವರೆ, ಆದರೂ ಗಾಳಿ ತಂದೂರಿ ಒಲೆಯ ಬಾಯಿಯಿಂದ ಬಂದ ಹಾಗೆ. ಅಂಥಾ ಓಣಿಯಲ್ಲಿ ನನ್ನ ಪಕ್ಕ ನಡೆಯುತ್ತಿದ್ದ ಅನ್ಸಾಫ್ ಕಾಕ ನಡುಗುತ್ತಿದ್ದ. ಹಲ್ಲು ಕಟಕಟ.

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ಬರುವುದಿಲ್ಲ. ನನಗೇ ಬರಲಿಲ್ಲ, ನಾನು ಮಯ್ಯತ್ ಮನೆಯಲ್ಲಿ, ಹೆಣದ ಎದುರೂ ನಗುವವನು.

ಕಾಕ ಅಂದರೆ ನಮ್ಮಲ್ಲಿ ಅಣ್ಣ; ಇವನು ನನ್ನ ದೊಡ್ಡಮ್ಮನ ಮಗ. ಇಲ್ಲಿಯ ಒಂದು ಮಾಲ್ ಒಳಗಿನ ಹಿಮದ ಗುಡ್ಡದಲ್ಲಿ ಅವನಿಗೆ ಕೆಲಸ. ಹೊರಗೆ ನಲವತ್ತೈದು ಡಿಗ್ರಿ, ಒಳಗೆ ಮೈನಸ್ ನಾಲ್ಕು. ಜನ ಕಾಲಿಗೆ ಸ್ಕೀ ಹಲಗೆ ಕಟ್ಟಿ ಜಾರುತ್ತಾರೆ. ಬಂದವರು ತಮ್ಮ ಚಪ್ಪಲಿಯನ್ನು ಬಾಗಿಲಲ್ಲಿ ನಂಬರಿನ ಗೂಡಿನಲ್ಲಿಟ್ಟು ಅಲ್ಲಿಯ ಬೂಟು ಹಾಕಬೇಕು. ರಾತ್ರಿ ಬಂದ್ ಮಾಡುವಾಗ ಒಂದು ಜೊತೆ ಉಳಿದರೂ ಒಳಗೆ ಯಾರೋ ಇದ್ದಾರೆ ಅಂತಲೇ ಅರ್ಥ. ಅವರನ್ನು ಹುಡುಕಿ ಹೊರಗೆ ತರದೆ ಹಿಮ ಉಗುಳುವ ಮಷಿನ್ ಹಾಕುವ ಹಾಗಿಲ್ಲ. ಹಾಕಿದರೆ ಒಳಗಿದ್ದವನು ಬೆಳಿಗ್ಗೆಗೆ ಮರದ ಕೊರಡು. ರಂಜಾನಿಗೆ ಮೊದಲು ಕಾಕ ಒಮ್ಮೆ ನೋಡದೆ ಹಾಕಿದ್ದ. ಒಂದು ಮಗು ಒಳಗಿತ್ತು. ಬದುಕಿತು. ಸೂಪರ್‌ವೈಸರ್ ಸ್ಯಾಮ್ಯುಯೆಲ್ ಸರ್ ಕಾಕನಿಗೆ ಕಾಗದ ಕೊಟ್ಟರು: ಇನ್ನೊಂದು ತಪ್ಪು, ಖಲಾಸ್, ಊರಿಗೆ.

ಆ ದಿನ ಕಾಕ ನನಗೆ ಪುಕ್ಕಟೆ ಪಾಸ್ ಕೊಡಿಸಿದ್ದ. ಮಧ್ಯಾಹ್ನದಿಂದ ಜಾರಿದೆ. ಜಾರಿದ್ದೆಂತದು, ಬಿದ್ದದ್ದೇ ಹೆಚ್ಚು. ಕೊನೆಕೊನೆಗೆ ಕಾಲಿನ ಬೆರಳು ಚಿವುಟಿದರೆ ಬೇರೆ ಯಾರದೋ ಕಾಲು ಚಿವುಟಿದ ಹಾಗೆ. ಬಂದ್ ಮಾಡುವ ಹೊತ್ತಿಗೆ ತಲೆಗೆ ಹುಳ ಬಿತ್ತು. ನನ್ನ ಶೂ ಹಾಕಿಕೊಂಡೆ. ಬ್ಯಾಗಿನಲ್ಲಿದ್ದ ನನ್ನದೇ ಹಳೆ ಹವಾಯಿ ಚಪ್ಪಲಿ, ಬಾರು ಕಿತ್ತು ಪಿನ್ನು ಹಾಕಿದ್ದು, ಅದನ್ನು ನಲವತ್ತೊಂದನೇ ಗೂಡಿನಲ್ಲಿಟ್ಟೆ. ಇಲ್ಲದವನನ್ನು ಕಾಕ ಹುಡುಕಲಿ ಅಂತ. ಹೊರಗೆ ಬಾಗಿಲೆದುರು ಬೆಂಚಿನಲ್ಲಿ ಕೂತು ಕಾದೆ.

ಇಪ್ಪತ್ತು ನಿಮಿಷ. ಕಾಕ ಬಂದ. ನಗು ತುಟಿವರೆಗೆ ಬಂದಿತ್ತು... ಅವನ ಮುಖ ನೋಡಿ ಅಲ್ಲೇ ನಿಂತಿತು.

ಓಣಿಗೆ ಬಂದ ಮೇಲೆ ಪಿಸುಗುಟ್ಟಿದೆ, "ಎಂತಾಯ್ತು ಕಾಕಾ?"

"ಒಬ್ಬ ಉಳಿದಿದ್ದ."

"ಎಲ್ಲಿ?"

"ಮೇಲೆ, ತುದಿಯಲ್ಲಿ. ಲೈಟು ಆಫ್ ಆಗಿತ್ತು, ಟಾರ್ಚ್ ಹಿಡಿದು ಹೋದೆ. ಮೊದಲು ಶಬ್ದ... ಸ್ರ್‌ರ್... ಸ್ರ್‌ರ್... ಹಲಗೆ ಜಾರುವ ಶಬ್ದ. ಹಲಗೆ ಎಲ್ಲ ನಾನೇ ಎಣಿಸಿ ಬೀಗ ಹಾಕಿದ್ದು ಮಾರಾಯ."

"ಆಮೇಲೆ?"

"ಕೂತಿದ್ದ. ತೆಳು ಅಂಗಿ. ಬರಿಗಾಲು. ಟೈಮ್ ಆಯ್ತು ಭಾಯಿ, ಬನ್ನಿ ಅಂತ ಹಿಂದಿಯಲ್ಲಿ ಕರೆದೆ. ಅವನು ಕನ್ನಡದಲ್ಲಿ ಕೇಳಿದ..." ಕಾಕ ನಿಂತ. ಟಪ್... ಟಪ್... "'ಹೊರಗೆ ನನ್ನ ಚಪ್ಪಲಿ ಉಂಟಾ?'"

"ನೀನೆಂತ ಹೇಳಿದೆ?"

"ಉಂಟು ಅಂದೆ. 'ಹಾಗಾದರೆ ಬರಬಹುದು' ಅಂದ. ಕೈ ನೀಡಿದ. ಬಲಗೈಯಲ್ಲಿ ಹಿಡಿದು ಇಳಿಸಿದೆ. ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದ. ಪಟಕ್... ಪಟಕ್... ಎಸ್ಕಲೇಟರಿನವರೆಗೆ ಕೇಳಿತು."

ನಾನು ಆ ಬಾಗಿಲೆದುರೇ ಇದ್ದೆ. ಕಾಕನನ್ನು ಬಿಟ್ಟು ಯಾರೂ ಹೊರಗೆ ಬರಲಿಲ್ಲ.

"ಕಾಕಾ... ಆ ಚಪ್ಪಲಿ ನಂದು. ತಮಾಷೆಗೆ ಇಟ್ಟದ್ದು."

"ಹೋಗಾ, ನಿನ್ನದೊಂದು."

"ಅಲ್ಲಾಹನಾಣೆ. ಬಾರಿಗೆ ಪಿನ್ನು ಇತ್ತಲ್ಲ?"

ಕಾಕ ಬಯ್ಯಲಿಲ್ಲ. ಹೊಡೆಯಲೂ ಇಲ್ಲ. ಬಲಗೈಯನ್ನು ಅಂಗಿಗೆ ಒರೆಸುತ್ತಾ ಹೇಳಿದ, "ಮನೆಯಲ್ಲಿ ಬಾಯಿ ಬಿಡಬೇಡ. ಸ್ಯಾಮ್ಯುಯೆಲ್ ಸರ್‌ಗೆ ಗೊತ್ತಾದರೆ ನಾನು ಊರಿಗೆ. ಗೂಡು ಖಾಲಿ ಉಂಟು... ಅಷ್ಟು ಸಾಕು."

ನನಗೆ ಹೆದರಿಕೆ ಆಗಲಿಲ್ಲ. ಪಾಪ ಅನ್ನಿಸಲೂ ಇಲ್ಲ. ಏನೂ ಇಲ್ಲ. ಫ್ರೀಜರಿನಲ್ಲಿಟ್ಟ ಮೀನಿನ ಹಾಗೆ ಕಣ್ಣು ಬಿಟ್ಟು ಮಲಗಿದೆ.

ಮರುದಿನ ಡ್ಯೂಟಿಯಲ್ಲಿ ಕಾಕ ಹಾಜರಿ ಮಷಿನಿನ ಗಾಜಿಗೆ ಬಲಗೈ ಹೆಬ್ಬೆರಳು ಇಟ್ಟ. ಆಗಲಿಲ್ಲ. ಒರೆಸಿ ಇಟ್ಟ. ಸ್ಯಾಮ್ಯುಯೆಲ್ ಸರ್ ತಾವೇ ಬಂದು ಅವನ ಐದೂ ಬೆರಳನ್ನು ಒಂದೊಂದಾಗಿ ಒತ್ತಿ ನೋಡಿದರು. ಕಣ್ಣಿಗೆ ಗೆರೆಗಳು ಕಾಣುತ್ತವೆ. ಗಾಯ ಇಲ್ಲ. ಕಡೆಗೆ ಎಡಗೈಯದ್ದು ಹಾಕಿಸಿದರು, ಕೆಲಸ ಉಳಿಯಿತು. ಸುಳ್ಳು ಹೇಳುವುದು ನನ್ನ ಕಸುಬು, ಒಪ್ಪಿದೆ... ಇದು ಸುಳ್ಳಲ್ಲ. ನಂಬದವರು ಬನ್ನಿ, ಕಾಕನನ್ನೇ ಎದುರು ನಿಲ್ಲಿಸುತ್ತೇನೆ. ಬಲಗೈಯ ಯಾವ ಬೆರಳು ಇಟ್ಟರೂ ಆ ಮಷಿನ್ ತಪ್ಪು ಅನ್ನುವುದಿಲ್ಲ. ಗಾಜಿನ ಮೇಲೆ ಬೆರಳು ಇರುವಾಗಲೇ, ಅಲ್ಲಿ ಏನೂ ಇಲ್ಲದ ಹಾಗೆ, ಬೆರಳು ಇಡಿ ಅನ್ನುತ್ತದೆ.